ಅರ್ಧ ಹೊಂದಿದ ಅಣ್ಣನಿಗೆ

ಆಸ್ಪತ್ರೆಯ ಮೂರನೇ ಮಹಡಿ
ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಹೊಸ ಕಾರ್ಖಾನೆಯಲ್ಲಾದರೂ ಕೂತು ಮಾಡುವ ಕೆಲಸ ಕೊಟ್ಟಿದ್ದಾರಾ ಎಂದು ಅಮ್ಮ ಕೇಳುತ್ತಾಳೆ. ಮುಷ್ಕರದ ದಿನ ನೀನು ಗೇಟು ದಾಟಿ ಒಳಗೆ ಹೋದದ್ದು ತಪ್ಪೆಂದೇ ನಾನು ಈಗಲೂ ಹೇಳುತ್ತೇನೆ. ಆ ಮಾತು ಹಾಗಿರಲಿ.

ನಮ್ಮ ಗುಬ್ಬಿಗೆ ರಕ್ತದ ಕ್ಯಾನ್ಸರ್ ಮರಳಿ ಬಂದಿದೆ. ಹೋದ ವರ್ಷ ಪರೀಕ್ಷೆಗೆ ರಕ್ತ ಕೊಟ್ಟಾಗ ನನ್ನದು ಅವಳಿಗೆ ಪೂರ್ತಿ ಹೊಂದಿತು, ನಿನ್ನದು ಅರ್ಧ. ತಂಗಿಗೆ ಅಸ್ಥಿಮಜ್ಜೆ ಕೊಟ್ಟೆನೆಂದು ನಾನು ಎದೆಯುಬ್ಬಿಸಿ ತಿರುಗಿದೆ. ನೀನು ಅದೇ ವಾರ ಗಂಟುಮೂಟೆ ಕಟ್ಟಿದೆ. ಈಗ ಡಾಕ್ಟರಮ್ಮ ಹೇಳಿದ್ದನ್ನು ಕೇಳು. ರಕ್ತದಲ್ಲಿ ಹುಟ್ಟಿನಿಂದಲೇ ಕೊಲ್ಲಬಲ್ಲ ಕಾವಲು ಕಣಗಳಿವೆ, ಎನ್‌ಕೆ ಕಣಗಳು. ಎದುರಾದ ಪ್ರತಿ ಜೀವಕೋಶದ ಮೈಮೇಲೆ ಅವು ಗುರುತು ಹುಡುಕುತ್ತವೆ. ಸಿಕ್ಕರೆ ಬಿಡುತ್ತವೆ, ಸಿಗದಿದ್ದರೆ ಕೊಲ್ಲುತ್ತವೆ. ನನ್ನ ಕಣಗಳು ಹುಡುಕುವ ಗುರುತುಗಳೆಲ್ಲ ಅವಳ ಕ್ಯಾನ್ಸರ್ ಕೋಶಗಳ ಮೇಲೂ ಇದ್ದವು. ನಮ್ಮವರೇ ಅಂದುಕೊಂಡು ಸುಮ್ಮನೆ ಹಾದುಹೋದವು. ಮುಷ್ಕರದಲ್ಲಿ ಎಲ್ಲರೂ ಒಂದೇ ಎಂದು ಕರಪತ್ರ ಹಂಚಿದವನ ರಕ್ತ ಇನ್ನೇನು ಮಾಡೀತು? ನಿನ್ನವು ಹುಡುಕುವ ಒಂದು ಗುರುತು ಅವಳಲ್ಲಿಲ್ಲ. ಅದಕ್ಕೇ ಈ ಸಲ ನಿನ್ನ ಅಸ್ಥಿಮಜ್ಜೆ ಕೊಟ್ಟರೆ ನಿನ್ನವು ರೋಗವನ್ನು ಬಿಡಲಾರವು, ಅವಳ ಉಳಿದ ಮೈಗೆ ಅಷ್ಟಾಗಿ ಕೈಹಾಕಲಾರವು ಎಂಬುದು ಡಾಕ್ಟರಮ್ಮನ ಆಸೆ. ನಾನು ಆಸ್ಪತ್ರೆಯ ಕಿರುಪುಸ್ತಿಕೆಗಳನ್ನೆಲ್ಲ ಓದಿಕೊಂಡು ಹೋಗಿ, ಪೂರ್ತಿ ಹೊಂದುವುದೇ ಮೇಲಲ್ಲವಾ ಎಂದು ವಾದಿಸಿದೆ. "ಹೊಂದದೆ ಇರೋದೇ ಇಲ್ಲಿ ಬೇಕಾಗಿದೆಯಪ್ಪ," ಅಂದರು.

ಗುಬ್ಬಿಯ ಕೋಣೆಗೆ ಗಾಜಿನ ಗೋಡೆ. ಒಳಗೆ ಹೋಗಲು ಮೊಣಕೈವರೆಗೆ ಕೈ ತೊಳೆಯಬೇಕು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮಲಗಿರುತ್ತಾಳೆ. ಮೊದಲಿನ ಹಾಗೆ ನನ್ನ ಭಾಷಣಕ್ಕೆ ಆಕಳಿಸಿ ಅಣಕಿಸುವುದೂ ಇಲ್ಲ. ನಿನ್ನೆ ಮಾತ್ರ, "ದೊಡ್ಡಣ್ಣ ಬಂದರೆ ನೀವಿಬ್ಬರೂ ಕಿತ್ತಾಡ್ತೀರ, ಮನೆ ಥರ ಇರುತ್ತೆ," ಅಂದಳು. ಅಷ್ಟಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದಳು.

ಅಮ್ಮನ ಆಶೀರ್ವಾದ. ಮೈ ಜೋಪಾನ, ನೆಗಡಿಯಾದರೂ ಈಗ ಅದು ನಿನ್ನೊಬ್ಬನದಲ್ಲ.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಭಾಷಣಪ್ಪ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ: ಇದೂ ಫಲಿಸದಿರಬಹುದು, ಹೆಚ್ಚು ಆಸೆ ಬೇಡ ಎಂದು ಡಾಕ್ಟರಮ್ಮ ನನ್ನೊಬ್ಬನನ್ನೇ ಕರೆದು ಹೇಳಿದ್ದಾರೆ. ಅಮ್ಮನಿಗೆ ಗೊತ್ತಿಲ್ಲ. ನನ್ನ ರಕ್ತ ಸೋತಾಗ ಯಾರೂ ನನ್ನನ್ನು ಬೈಯಲಿಲ್ಲ. ಊಟಕ್ಕೆ ಕೂತರೆ ಅಮ್ಮ ಇನ್ನಷ್ಟು ಬಡಿಸಿದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ನಿನ್ನದೂ ಸೋತರೆ ನಿನ್ನನ್ನು ಹಾಗೆ ಒಂಟಿಯಾಗಿ ಕೂರಲು ಬಿಡುವುದಿಲ್ಲ. ಬೇಗ ಬಾ. ಬಂದವನೇ ಮುಷ್ಕರದ ಮಾತು ತೆಗೆ, ಗಾಜಿನಾಚೆ ಕೇಳುವಷ್ಟು ಜೋರಾಗಿ.