ಅಜ್ಜನ ಕೋವಿಯ ಅಳತೆ

ಕೋಲ್ಡ್ ಫೋರ್ಕ್, ಮೊಂಟಾನಾ
ಶನಿವಾರ, ೬ ಅಕ್ಟೋಬರ್ ೧೯೮೪

ಮುದ್ದಿನ ಹಾಲ್ವರ್‌ಗೆ,

ಹೇಗಿದ್ದೀಯಪ್ಪ? ಹಗ್ಗ ಕೊಯ್ದಿದ್ದ ಅಂಗೈ ವಾಸಿಯಾಯಿತೇ? ಹಡಗಿನ ಅಡುಗೆಯವನು ಆಲೂಗಡ್ಡೆಯನ್ನು ಈಗಲಾದರೂ ಬೇಯಿಸಿ ಹಾಕುತ್ತಾನೋ, ಇನ್ನೂ ಅರೆಬೆಂದದ್ದೇ ಗತಿಯೋ? ನನಗೆ ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಕಣ್ಣು ಮಾತ್ರ ಮಂಜಾಗಿದೆ. ಕನ್ನಡಕ ಹಾಕಿಕೋ ಅಂದವರ ಮೇಲೆಲ್ಲ ಹರಿಹಾಯುತ್ತೇನೆ, ನಿನಗೆ ಗೊತ್ತಲ್ಲ. ಆ ಹಟ ಈಗ ನಮ್ಮಿಬ್ಬರ ಕುತ್ತಿಗೆಗೆ ಬಂದಿದೆ. ನಡುವೆ ಮಡಚಿಡದೆ ಕೊನೆಯವರೆಗೂ ಓದು.

ಅಜ್ಜನ ಕೋವಿಯನ್ನು ಪೆಟ್ಟಿಗೆಯಿಂದ ತೆಗೆದೆ. ಬರುವ ವಸಂತದಲ್ಲಿ ನಡೆಯುವ ಸೀಸದ ಗುಂಡಿನ ಪಂದ್ಯಕ್ಕೆ ಅವರ ಹೆಸರಿಟ್ಟಿದ್ದಾರೆ. ಅವರ ಕೋವಿಯಲ್ಲೇ ಹೊಡೆಯಬೇಕೆಂದು ನನಗೆ ಆಸೆ. ಅಂಗಡಿಯ ಗುಂಡು ಈ ಹಳೆಯ ನಳಿಗೆಗೆ ಸಡಿಲ. ಗುರಿಯ ಕಾಗದಕ್ಕೆ ಅಡ್ಡಡ್ಡ ಹೋಗಿ ಬೀಳುತ್ತದೆ. ಮೇವಿನಂಗಡಿಯ ಕಟ್ಟೆಯಲ್ಲಿ ಗಂಡಸರು ಹಲ್ಲು ಕಿಸಿದರು: "ಏನಜ್ಜೀ, ಗುರಿ ಕಾಣುತ್ತೋ, ಯಾರಾದ್ರೂ ಹಿಡ್ಕೊಂಡು ತೋರಿಸ್ಬೇಕೋ?" ನೀನೇ ಹಿಡ್ಕೊಂಡು ನಿಂತ್ಕೋ ಬಾ ಅಂದೆ. ಈ ಕೋವಿಗೆ ಹೊಂದುವ ಗುಂಡು ಎರಕ ಹೊಯ್ಯಬೇಕಾದರೆ ಇದಕ್ಕೆಂದೇ ಒಂದು ಅಚ್ಚು ಕೊರೆಸಬೇಕು. ಅದಕ್ಕೆ ಮೊದಲು ತೋಟಾ ಕೂರುವ ಗೂಡಿನ ಅಳತೆ ತೆಗೆಯಬೇಕು.

ನಿನಗೆ ಹತ್ತು ವರ್ಷವಿದ್ದಾಗ ಅಜ್ಜ ತೋರಿಸಿದ್ದರಲ್ಲ, ಹಾಗೆಯೇ ಮಾಡಿದೆ. ನಳಿಗೆಗೆ ಬಟ್ಟೆ ತುರುಕಿ, ಬಿಸಿನೀರಿಗೇ ಕರಗುವ ಆ ಲೋಹವನ್ನು ಹಿಂದಿನಿಂದ ಗೂಡಿಗೆ ಹೊಯ್ದೆ. ಅದು ಮೊದಲು ಕುಗ್ಗುತ್ತದೆ, ಒಂದು ಗಂಟೆಗೆ ಸರಿಯಾಗಿ ಗೂಡಿನ ಗಾತ್ರಕ್ಕೆ ಬರುತ್ತದೆ, ಆಮೇಲೆ ಉಬ್ಬುತ್ತದೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕೂತು ಅಳೆದೆ. ಬೆರಳು ಇನ್ನೂ ಚುರುಕಾಗಿದೆ, ಅಂಕಿ ಓದಲಷ್ಟೇ ಭೂತಗನ್ನಡಿ ಹಿಡಿದೆ. ಎರಕದ ಮೈಯನ್ನು ನೋಡಲೇ ಇಲ್ಲ. ಎರಡು ಹೊಯ್ಯುವುದು ನಮ್ಮ ರೂಢಿ, ಒಂದು ಮನೆಗೆ, ಒಂದು ಅಚ್ಚು ಕೊರೆಯುವವನಿಗೆ. ಅಚ್ಚಿನವರು ಬರೀ ಅಂಕಿಯನ್ನು ನಂಬುವವರಲ್ಲ. ಒಂದನ್ನು ಹತ್ತಿಯಲ್ಲಿ ಸುತ್ತಿ, ಖಾಲಿ ಮಾತ್ರೆ ಡಬ್ಬಿಗೆ ಹಾಕಿ, ಆರಿನ್ ಹ್ಯಾಚರ್‌ಗೆ ಅಂಚೆಯಲ್ಲಿ ಕಳಿಸಿದೆ. ಈ ಸೀಮೆಯಲ್ಲಿ ಅವನಷ್ಟು ನಾಜೂಕಾಗಿ ಅಚ್ಚು ಕೊರೆಯುವವರು ಬೇರೆ ಯಾರಿದ್ದಾರೆ?

ಹೌದು, ಡೆಲ್ ಹ್ಯಾಚರ್‌ನ ಅಣ್ಣ ಆರಿನ್. ಡೆಲ್ ತನ್ನ ಬೇಲಿಯ ಬುಡದಲ್ಲಿ ಎದೆಗೆ ಗುಂಡು ಬಿದ್ದು ಸತ್ತು ಈ ನವೆಂಬರಿಗೆ ಎರಡು ವರ್ಷ. ಮೇಲಿನ ದಿಣ್ಣೆಯಲ್ಲಿ ಹೊಡೆದ ತೋಟಾದ ಒಂದು ಹಿತ್ತಾಳೆ ಕೊಳವೆ ಸಿಕ್ಕಿತ್ತು. ಅದರ ಮೈಮೇಲೆ ಉದ್ದಕ್ಕೆ ಎದ್ದ ಕೂದಲೆಳೆಯಂಥ ಗೆರೆ, ತುದಿಯಲ್ಲಿ ಕೊಕ್ಕೆ. ಗೂಡಿನಲ್ಲಿ ಗೀರಿರುವ ಕೋವಿ ಮಾತ್ರ ಅಂಥ ಗುರುತು ಬಿಡುತ್ತದೆಂದು ಕಣಿವೆಗೆಲ್ಲ ಗೊತ್ತು. ಶೆರೀಫ್ ಆ ಅಳತೆಯ ಕೋವಿಗಳನ್ನೆಲ್ಲ ತರಿಸಿ ಹೊಡೆದು ನೋಡಿದ, ನಮ್ಮದೊಂದನ್ನು ಬಿಟ್ಟು. "ನಮ್ಮೋರು ಹೋದ್ಮೇಲೆ ಅದು ಪೆಟ್ಗೆ ಬಿಟ್ಟು ಈಚೆಗೇ ಬಂದಿಲ್ಲ ಕಣೋ" ಅಂದಿದ್ದೆ. ಚಿಕ್ಕವನಿದ್ದಾಗ ಚರ್ಚಿನ ಭಾನುವಾರದ ಪಾಠಕ್ಕೆ ನನ್ನ ಹತ್ತಿರ ಬರುತ್ತಿದ್ದವನು. ಟೋಪಿ ತೆಗೆದು ನಮಸ್ಕರಿಸಿ ಹೊರಟುಹೋದ. ಹೊರಗಿನ ಬೇಟೆಗಾರ ಯಾರೋ ಹೊಡೆದು ಓಡಿದ ಎಂದು ಬರೆದು ಮುಚ್ಚಿದರು. ಮೂರು ವಾರಕ್ಕೆ ನೀನು ಅಲಾಸ್ಕಾದ ಮೀನಿನ ಹಡಗು ಸೇರಿದೆ. ಆರಿನ್ ಆ ಕೊಳವೆಯನ್ನು ಕೇಳಿ ಪಡೆದು ತನ್ನ ಲೇತಿನ ಮೇಲಿನ ಗೂಟಕ್ಕೆ ನೇತುಹಾಕಿಕೊಂಡಿದ್ದಾನೆ.

ಸೋಮವಾರ ಅವನು ಫೋನ್ ಮಾಡಿದ. "ಮಿಸೆಸ್ ಟ್ವೈಟ್, ನಿಮ್ಮ ಗೂಡಲ್ಲೊಂದು ಗೀರಿದೆ, ಗೊತ್ತಿತ್ತಾ?" ಹಳೇ ಕೋವಿಗೆ ಗೀರಿಲ್ಲದೆ ಇರುತ್ತೇನಯ್ಯಾ, ಗುಂಡಿಗೆ ತೊಂದರೆಯಿಲ್ಲ ತಾನೇ ಅಂದೆ. "ಗುಂಡಿಗೇನೂ ತೊಂದ್ರೆ ಇಲ್ಲ" ಅಂದ. ಫೋನ್ ಇಟ್ಟ ಮೇಲೆ ಕನ್ನಡಕ ಹುಡುಕಿ ಮನೆಯಲ್ಲಿದ್ದ ಎರಕವನ್ನು ಕಿಟಕಿಗೆ ಹಿಡಿದೆ. ಕೂದಲೆಳೆಯಂಥ ಗೆರೆ. ತುದಿಯಲ್ಲಿ ಕೊಕ್ಕೆ. ಅಜ್ಜನನ್ನು ಮಣ್ಣು ಮಾಡಿ ಬಂದ ದಿನ ತುಕ್ಕು ಹಿಡಿಯದಿರಲೆಂದು ಆ ನಳಿಗೆಗೆ ನಾನೇ ಕರಡಿ ಕೊಬ್ಬು ಬಳಿದಿಟ್ಟಿದ್ದೆ, ಈಗ ತೆಗೆದಾಗ ಅದು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ನನ್ನ ಬಿಟ್ಟರೆ ನಿನಗೊಬ್ಬನಿಗೇ ಗೊತ್ತು.

ಎಲ್ಕ್ ಜಿಂಕೆ ಅಂದುಕೊಂಡು ಹೊಡೆದೆಯೋ, ಡೆಲ್ ಜೊತೆ ಮಾತಿಗೆ ಮಾತು ಬೆಳೆಯಿತೋ, ನನಗೆ ತಿಳಿಯದು. ಕೈತಪ್ಪಿನಿಂದಲೇ ಆದದ್ದು ಅಂತ ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಗೊತ್ತಿಲ್ಲದೆ ಆಡಿದ್ದರೂ ನಿನ್ನನ್ನು ಮರೆಮಾಡಿದ್ದು ನನ್ನ ಸುಳ್ಳೇ. ಡೆಲ್‌ನ ಹೆಂಡತಿ ಪ್ರತಿ ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕವೇ ಕೂರುತ್ತಾಳೆ. ನನಗೆ ನಿನ್ನ ಮೇಲೆ ಬೆಟ್ಟದಷ್ಟು ಕೋಪವಿದೆ. ಪ್ರೀತಿ ಮಾತ್ರ ಹಾಳಾದ್ದು, ಒಂದು ಚೂರೂ ಕಡಿಮೆಯಾಗಿಲ್ಲ. ಬೆಚ್ಚಗಿರು. ನಿನ್ನ ಅಜ್ಜನ ದೇವರು ನಿನ್ನ ಹಡಗಿನ ಮೇಲೊಂದು ಕಣ್ಣಿಟ್ಟಿರಲಿ.

ನಿನ್ನ ಅಜ್ಜಿ,
ಆಲ್ಮಾ

ಮ.ವಿ.: ಅಂಚೆಯ ಡೋರಿಸ್ ಗೇಟಿನ ಹತ್ತಿರ ಕಾಯುತ್ತಿದ್ದಾಳೆ, ಅಕ್ಷರ ಹೇಗಿದ್ದರೂ ಓದು. ಮಂಗಳವಾರದಿಂದ ಆರಿನ್‌ನ ಅಂಗಡಿಗೆ ಬೀಗವಂತೆ. ಮೀನು ಹಿಡಿಯಲು ಅಲಾಸ್ಕಾಕ್ಕೆ ಹೋಗ್ತೀನಿ, ಕಾಗದಗಳನ್ನ ಇಟ್ಟಿರಿ ಅಂದನಂತೆ. ಈ ಚಳಿಯಲ್ಲಿ! ನಾಚಿಕೆಯಾಗಿ ಮೇಲೆ ಬರೆಯಲಿಲ್ಲ: ಅವತ್ತು ಫೋನ್ ಇಡುವ ಮುಂಚೆ ಅವನು "ಹುಡುಗ ಹೇಗಿದಾನೆ?" ಅಂದ. ನಾನು ಜಂಬದಿಂದ ನಿನ್ನ ಹಡಗಿನ ಹೆಸರು, ಬಂದರು, ಎಲ್ಲ ಒದರಿಬಿಟ್ಟೆ. ಈಗಷ್ಟೇ ನಿಮ್ಮ ಬಂದರಿನ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಬಂದು ನಿಮ್ಮ ಹಡಗು ಯಾವಾಗ ಬರುತ್ತದೆಂದು ಕೇಳಿ, ಕಟ್ಟೆಯ ಮೇಲೆ ಕೂತಿರುತ್ತಾನಂತೆ. ನೀವು ಹಿಡಿದ ಮೀನನ್ನು ತರಲು ಹೋಗುವ ದೋಣಿಯಲ್ಲಿ ಈ ಕಾಗದ ಕಳಿಸುತ್ತೇವೆ ಅಂದರು. ಓದಿದ ತಕ್ಷಣ ಕ್ಯಾಪ್ಟನ್‌ಗೆ ಎಲ್ಲ ಹೇಳಿ ರೇಡಿಯೋದಲ್ಲಿ ಪೊಲೀಸರನ್ನು ಕರೆಸು. ಅವರು ಬಂದು ನಿನ್ನ ಕೈಗೆ ಕೋಳ ಹಾಕುವವರೆಗೆ ನೆಲಕ್ಕೆ ಕಾಲಿಡಬೇಡ. ನಾನು ಎರಕ ತಗೊಂಡು ಶೆರೀಫನ ಹತ್ತಿರ ಹೊರಟೆ. ಜೈಲಿನಲ್ಲಾದರೆ ನಿನ್ನನ್ನು ಬಂದು ನೋಡಬಹುದು, ಹಾಲ್ವರ್.