ಲಕ್ಕಿ ಸೊಪ್ಪಿನ ಪಟ್ಟಿ

ಕೊಟ್ಟಿಗೆಹಾರ
14 ನವೆಂಬರ್ 2024

ಹಟಮಾರಿ ತನುಜಾ,

ಅಮ್ಮನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ನಿನ್ನ ಲಕ್ಕಿ ಸೊಪ್ಪಿನ ಪಟ್ಟಿ ಚರ್ಮಕ್ಕೆ ಅಂಟುವುದಿಲ್ಲ, ಸೋಮವಾರ ಕಾಲೇಜಿನ ಮೇಡಂಗೆ ಹೇಳಿ ಸಂಶೋಧನೆಯನ್ನೇ ಕೈಬಿಡುತ್ತೇನೆ ಎಂದು ಅಪ್ಪನ ಹತ್ತಿರ ಅಂದೆಯಂತೆ. ನೋವು ಕಳೆಯುವ ಸೊಪ್ಪಿನ ಔಷಧಿಯನ್ನು ಪಾಲಿಮರ್ ಹಾಳೆಯಲ್ಲಿ ಹಿಡಿದಿಟ್ಟು, ನಿಧಾನಕ್ಕೆ ಮೈಯೊಳಗೆ ಇಳಿಸಬೇಕೆಂದು ವರ್ಷಗಟ್ಟಲೆ ಒದ್ದಾಡಿದವಳು ನೀನೇನಾ? ಫೋನೂ ಎತ್ತುತ್ತಿಲ್ಲ. ಅದಕ್ಕೇ ಮಂಗಳೂರಿಗೆ ಹೊರಟಿರುವ ಪಕ್ಕದ ಮನೆ ರಂಜಿತಾಳ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು.

ನೀನು ಕೊಟ್ಟುಹೋದ ಪಟ್ಟಿಗಳನ್ನು ನಮ್ಮ ನೆಂಟರಿಗೆಲ್ಲ ನಾನೇ ಹಂಚಿದ್ದೆ. ಎಲ್ಲರದ್ದೂ ಮಧ್ಯಾಹ್ನದೊಳಗೆ ಕಿತ್ತುಬಂತು. ನನ್ನದಂತೂ ನಮ್ಮ ಹೋಟೆಲಿನ ದೋಸೆ ಹಿಟ್ಟಿಗೇ ಬಿತ್ತು. "ಕೈನೋವಿನ ಗಿರಾಕಿ ಬಂದ್ರೆ ಆ ದೋಸೆ ಕೊಡು ಮಾರಾಯ್ತಿ" ಎಂದು ನಿನ್ನ ಅಪ್ಪ ನಕ್ಕಿದ್ದೇ ನಕ್ಕಿದ್ದು. ಅದನ್ನೇ ನಿನಗೂ ಫೋನಿನಲ್ಲಿ ಹೇಳಿದರಲ್ಲ, ನನಗೆ ಹೊಟ್ಟೆ ಉರಿದುಹೋಯಿತು.

ಆದರೆ ನಮ್ಮಲ್ಲಿ ಹಿಟ್ಟು ರುಬ್ಬುವ ಯಶೋದಾಗೂ ಒಂದು ಕೊಟ್ಟಿದ್ದೆ. ಅವಳ ತೋಳಿನ ಪಟ್ಟಿ ಮರುದಿನವೂ ಅಲ್ಲೇ ಕೂತಿದೆ! ಕಿತ್ತು ನೋಡಲು ಹೋದರೆ "ಅಯ್ಯೋ ಬಿಡಿ ಅಕ್ಕ, ನೋವು ಕಮ್ಮಿ ಆಗ್ತಾ ಉಂಟು" ಎಂದು ಕೈ ಎಳೆದುಕೊಂಡಳು. ಒಂದೇ ಡಬ್ಬಿಯ ಪಟ್ಟಿ ಅವಳಿಗೆ ಅಂಟುತ್ತದೆ, ನಮಗೆ ಅಂಟುವುದಿಲ್ಲ. ಇದೆಂಥ ಗ್ರಹಚಾರ ಎಂದು ತಲೆ ಕೆಡಿಸಿಕೊಂಡೆ.

ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುವಾಗ ಹೊಳೆಯಿತು. ಹಣೆಗೆ, ತೋಳಿಗೆ, ಮೊಣಕೈಗೆ, ಮಣಿಕಟ್ಟಿಗೆ ನಮ್ಮವರೆಲ್ಲ ಮೊದಲು ವಿಭೂತಿ ಬಳಿದುಕೊಂಡು ಅದರ ಮೇಲೇ ಪಟ್ಟಿ ಒತ್ತಿದ್ದೇವೆ. ಯಶೋದಾ ಹಚ್ಚುವವಳಲ್ಲ. ಬೂದಿಯ ಮೇಲೆ ಯಾವ ಅಂಟು ತಾನೇ ನಿಂತೀತು! ಚರ್ಮದ ಕೊಳೆ ಒರೆಸಿ ಅಂಟಿಸಿ ಎಂದು ನೀನು ಹೇಳಿದ್ದೆ, ನಿಜ. ವಿಭೂತಿಯನ್ನು ಕೊಳೆ ಎಂದು ನಾವು ಲೆಕ್ಕ ಹಿಡಿಯುತ್ತೇವೆಯೇ?

ಅಂದಿನಿಂದ ನನ್ನ ಬಲ ಮಣಿಕಟ್ಟಿಗೆ ವಿಭೂತಿ ಇಲ್ಲ. ಮೊದಲ ದಿನ ಮನಸ್ಸು ಅಳುಕಿತು. ಶಿವನೇ, ಮಗಳ ಕೆಲಸ, ಸ್ವಲ್ಪ ಸುಧಾರಿಸಿಕೋ ಎಂದು ಕೇಳಿಕೊಂಡೆ. ಪಟ್ಟಿ ಕಾವಲಿಯ ಬಿಸಿಗೂ ಬಗ್ಗಲಿಲ್ಲ, ಬೆವರಿಗೂ ಜಾರಲಿಲ್ಲ. ನೆಂಟರಿಗೂ ಹಾಗೇ ಮಾಡಿಸಿದೆ, ಯಾರದ್ದೂ ಬಿದ್ದಿಲ್ಲ. ನಿನ್ನ ಅಪ್ಪ ಈಗ ಕಾಫಿ ಕುಡಿಯಲು ಬಂದವರಿಗೆಲ್ಲ ನಿನ್ನ ಗುಣಗಾನ ಮಾಡುತ್ತಿದ್ದಾರೆ.

ಸೋಮವಾರ ಮೇಡಂ ಹತ್ತಿರ ಖಂಡಿತ ಹೋಗು, ಬಿಡುತ್ತೇನೆ ಎನ್ನಲು ಮಾತ್ರ ಹೋಗಬೇಡ. ನಿನ್ನ ಅಂಟಿನಲ್ಲಿ ದೋಷವಿಲ್ಲ ಮಗಳೇ. ನನಗೆ ನಿನ್ನ ಮೇಲೆ ತುಂಬ ಹೆಮ್ಮೆ.

ನಿನ್ನ ಅಮ್ಮ,
ಮುದ್ದಮ್ಮ

ತಾ.ಕ.: ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಕೈನೋವು ಸ್ವಲ್ಪವೇ ಎಂದು ನಿನಗೆ ಸುಳ್ಳು ಹೇಳಿದ್ದೆ. ಹೋದ ಮಳೆಗಾಲದಿಂದ ಪೆನ್ನು ಹಿಡಿಯಲಾಗದೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆ. ಈ ಪತ್ರವನ್ನು ನಡುನಡುವೆ ಕೈಗೆ ವಿಶ್ರಾಂತಿ ಕೊಟ್ಟು, ಪೂರ್ತಿ ನಾನೇ ಬರೆದೆ.