ವಿನ್ನಿಯ ಜಾಮ್ ಪೊದೆ

ನವೆಂಬರ್ 9, ಭಾನುವಾರ

ಪೆನ್ನು ಹಿಡಿದರೂ ಬೆರಳಿನ ಮುಳ್ಳು ಚುಚ್ಚುತ್ತಿದೆ. ಬ್ಲ್ಯಾಕ್‌ಬೆರಿ ಪೊದೆ ಕಡಿದು ಹೊಂಡಕ್ಕೆ ದಾರಿ ಮಾಡದಿದ್ದರೆ ಕಾಡ್ಗಿಚ್ಚಿನಲ್ಲಿ ನೀರು ಸಿಗದು ಎಂದು ಊರಿನ ಅಗ್ನಿಶಾಮಕ ದಳದ ಕ್ಲೈವ್ ಹನ್ನೊಂದು ವರ್ಷದಿಂದ ಹೇಳುತ್ತಿದ್ದಾನೆ. ನಾನು ಕಡಿಯುತ್ತ ಹೋದರೆ ಕೊನೆಯ ಪೊದೆಗೆ ಹೆಂಡತಿ ವಿನ್ನಿ ಅಡ್ಡ ನಿಲ್ಲುತ್ತಿದ್ದಳು: “ಇದು ಜಾಮಿಗೆ.” ಜಾಮಿನಾಸೆಗೆ ನಾನೂ ಕತ್ತಿ ಇಳಿಸುತ್ತಿದ್ದೆ. ಉದುರಿದ ಹಣ್ಣಿನಿಂದ ಮತ್ತೆ ಪೊದೆ ಹಬ್ಬಿ ದಾರಿಯೂ ಜಾಮ್.

ಇವತ್ತು ಕ್ಲೈವ್ ಟ್ರಕ್ಕನ್ನೇ ತಂದು ಪೊದೆಯೆದುರು ನಿಲ್ಲಿಸಿದ. “ಏನ್ ವಿನ್ನಿ, ಮನೆಗೆ ಬೆಂಕಿ ಬಿದ್ರೆ ಜಾಮ್ ಎರಚೋಣ್ವಾ?”

ಅವಳು ನಗಲಿಲ್ಲ. “ಸರ್ಕೋ, ನಿಂಗೆ ಬುಡ ಕಡಿಯೋಕೆ ಯಾವತ್ತು ಬಂತು?” ಎಂದು ನನ್ನ ಕತ್ತಿ ಕಿತ್ತುಕೊಂಡಳು. ಕಡಿದ ಬುಡಕ್ಕೆ ಕಳೆನಾಶಕ ಬಳಿದವಳೂ ಅವಳೇ.

ಟ್ರಕ್ಕು ಪರೀಕ್ಷೆಗೆಂದು ಹೊಂಡದಿಂದ ನೀರೆಳೆದು ನಮ್ಮ ತಗಡಿನ ಚಾವಣಿಯನ್ನು ತೋಯಿಸಿತು. ಉಳಿದಿದ್ದ ಒಂದೇ ಜಾಮ್ ಬಾಟಲಿಯನ್ನು ವಿನ್ನಿ ಕ್ಲೈವನಿಗೆ ಕೊಟ್ಟುಬಿಟ್ಟಳು. ನನಗೆ ಒಂದು ಚಮಚವೂ ಇಲ್ಲ. ಆದರೂ ನಮ್ಮಲ್ಲಿ ಡಿಸೆಂಬರಿಗೆ ಶುರುವಾಗುವ ಈ ಬೇಸಿಗೆಯಲ್ಲಿ ಇಬ್ಬರಿಗೂ ನಿದ್ದೆ ಬಂದೀತು.